ಕಬ್ಬಿನ ಗೇಟಿಗೆ ಹಬ್ಬಿದ ಸ್ವೀಟ್ ಪೀ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ದಸರಾ ರಜೆ ಮುಗಿದು ಸ್ಕೂಲಿನ ಬಾಗಿಲು ತೆರೆಯಿತು, ನಾನು ಹೋಗಲಿಲ್ಲ, ಅಷ್ಟೇ. ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಆ ರಜೆಯಲ್ಲೇ ಪಾಂಡವಪುರದ ದಾರಿಯ ಆಲೆಮನೆಯಲ್ಲಿ ಅಪ್ಪನ ಬಲಗೈ ಗಾಣಕ್ಕೆ ಸಿಕ್ಕಿತ್ತು. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕೈ ಅದು. ಆಮೇಲೆ ಅಪ್ಪ ಎಡಗೈಯಲ್ಲಿ ಬೀಡಿ ಹಚ್ಚುವುದನ್ನು ಕಲಿತ, ನಾನು ಶ್ರೀರಂಗಪಟ್ಟಣದಲ್ಲಿ ಬಾಷಾ ಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ರಾಡು ಹಿಡಿಯುವುದನ್ನು ಕಲಿತೆ. ತಮ್ಮ ಚಂದ್ರು ಆಗ ಮೂರನೇ ಕ್ಲಾಸು. ಅವನು ಸ್ಕೂಲಿಗೆ ಹೋದ. ಹೋಗುತ್ತಲೇ ಇದ್ದ. ಈಗ ನಾಗಮಂಗಲದಲ್ಲಿ ಕಾಲೇಜು ಲೆಕ್ಚರರು.

ಹೂವಿನ ವಿಷಯ ಬರೆಯಲು ಕೂತವನು ಸ್ಕೂಲಿನ ಬಾಗಿಲಿಗೆ ಯಾಕೆ ಹೋದ ಎಂದು ನಿಮಗೆ ಅನ್ನಿಸಬಹುದು. ನಾನು ಮಾಡುವುದೇ ಬಾಗಿಲು, ಕಿಟಕಿ, ಗೇಟು. ಬೇರೆ ಎಲ್ಲಿಂದ ಶುರು ಮಾಡಲಿ? ಎಷ್ಟನೇ ಕ್ಲಾಸು ಓದಿದ್ದೀರಿ ಎಂದು ಯಾರಾದರೂ ಕೇಳಿದರೆ ನಾನು ಅವರ ಮನೆಯ ಕಿಟಕಿ ನೋಡುತ್ತೇನೆ. ಗ್ರಿಲ್ಲಿನ ಮೂಲೆಯಲ್ಲಿ ಬೆಸುಗೆ ಬಿಟ್ಟಿದ್ದರೆ ಅದನ್ನು ತೋರಿಸಿ ಮಾತು ಬದಲಿಸುತ್ತೇನೆ. ಹೆಚ್ಚಿನ ಮನೆಗಳಲ್ಲಿ ಬಿಟ್ಟಿರುತ್ತದೆ.

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಟೇಪು ತೆಗೆಯಲು ಜೇಬಿಗೆ ಕೈ ಹಾಕಿದಾಗ ಕರಿಯ ಕಾಳೊಂದು ಕೆಳಗೆ ಬಿದ್ದು ಉರುಳಿತು. ಬೇರಿಂಗಿನ ಗುಂಡು ಎಂದುಕೊಂಡು ಬಗ್ಗಿ ಎತ್ತಿಕೊಂಡೆ. ಸ್ವೀಟ್ ಪೀ ಬೀಜ. ಕಿರಂಗೂರಿನ ನಮ್ಮ ಹಿತ್ತಲಿನಲ್ಲಿ ಕಳೆದ ಚಳಿಗಾಲದಲ್ಲಿ ಬೆಳೆದದ್ದು. ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡೆ, ಆದರೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಅದಕ್ಕೇ ಈಗ ನಿಮ್ಮ ಮುಂದೆ ಕೂತಿದ್ದೇನೆ.

ಈ ಹೂವನ್ನು ಕಂಡಿಲ್ಲದವರಿಗೆ ಹೇಳಬೇಕು. ಬಳ್ಳಿ ಥೇಟ್ ಬಟಾಣಿಯಂತೆಯೇ. ಹೂವು ಮಾತ್ರ ಚಿಟ್ಟೆ ರೆಕ್ಕೆ ಮಡಿಸಿ ಕೂತಂತೆ, ಗುಲಾಬಿ, ಬಿಳಿ, ನೇರಳೆ, ಕುಂಕುಮದ ಬಣ್ಣಗಳಲ್ಲಿ. ವಾಸನೆ ಹೇಗೆಂದು ಕೇಳಿದರೆ ಹೇಳಲಾರೆ. ಮಲ್ಲಿಗೆಯಂತೆ ಮೇಲೆ ಬಿದ್ದು ಬರುವುದಿಲ್ಲ. ಬಚ್ಚಲಿಗೆ ಹೋಗುವಾಗ ಒಂದು ಸಲ ಮೂಗಿಗೆ ತಾಕುತ್ತದೆ, ನಿಂತು ಹುಡುಕಿದರೆ ಇರುವುದಿಲ್ಲ. ಮೂವತ್ತೈದು ವರ್ಷ ವೆಲ್ಡಿಂಗ್ ಹೊಗೆ ಕುಡಿದ ಮೂಗಿಗೂ ಅದು ತಾಕಿತು ಎಂದರೆ ನೀವೇ ಅಂದಾಜು ಮಾಡಿಕೊಳ್ಳಿ. ಕಾಯಿಯೂ ಬಟಾಣಿಯಂತೆಯೇ ಕಾಣುತ್ತದೆ, ಆದರೆ ತಿನ್ನಬಾರದು. ನನ್ನ ಹೆಂಡತಿ ಜಯಮ್ಮನಿಗೆ ಇದೊಂದು ದೊಡ್ಡ ತಕರಾರು.

"ಎಸ್ರಿಗೂ ಆಗಕ್ಕಿಲ್ಲ, ಮುಡ್ಕೊಂಡ್ರೆ ಮಧ್ಯಾಹ್ನಕ್ಕೇ ಬಾಡೋಯ್ತದೆ. ಇದುನ್ನ ಯಾಕ್ರೀ ಬೆಳ್ಸೋದು?"

"ನನ್ ತಮ್ಮ ಕೊಟ್ಟವ್ನೆ ಅಂತ."

"ಊಂ, ಕೊಟ್ಟ" ಎಂದು ಜಯಮ್ಮ ಸುಮ್ಮನಾದಳು. ಅವಳು ಹಾಗೆ ಸುಮ್ಮನಾಗುವುದಕ್ಕೆ ಕಾರಣವಿತ್ತು. ಅದನ್ನು ಹೇಳುತ್ತೇನೆ.

ಬಾಷಾ ಸಾಬರು ಕೆಲಸ ಕಲಿಸುವಾಗ ಕೈಗಿಂತ ಬಾಯಿ ಜಾಸ್ತಿ ಓಡಿಸುತ್ತಿದ್ದರು. "ಅರೇ ಬೇಟಾ, ಕಿಟಕಿ ಮನೆಯೋರ್ಗೆ, ಗೇಟು ಊರೋರ್ಗೆ ಕಣೋ. ರಸ್ತೆಯಾಗೆ ಓಗೋನು ಮೊದ್ಲು ನಿನ್ ಕೆಲಸ ನೋಡ್ತಾನೆ, ಆಮೇಲೆ ಮನೆ ನೋಡ್ತಾನೆ" ಎನ್ನುತ್ತಿದ್ದರು. ಅದು ಸುಳ್ಳೆಂದು ನನಗೆ ಗೊತ್ತಾಗಲು ತುಂಬ ವರ್ಷ ಬೇಕಾಯಿತು. ಗೇಟನ್ನು ಯಾರೂ ನೋಡುವುದಿಲ್ಲ. ಅದು ಮುಚ್ಚಿದೆಯೋ ತೆರೆದಿದೆಯೋ ಎಂದಷ್ಟೇ ನೋಡುತ್ತಾರೆ. ನೋಡುವವನು ನಾನೊಬ್ಬನೇ. ಕೆ.ಆರ್. ಪೇಟೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ನನ್ನ ಗೇಟುಗಳನ್ನು ನೋಡುತ್ತಾ ಹೋಗುತ್ತೇನೆ. ಒಂದರ ಮೇಲೆ ಗೋಣಿಚೀಲ ಒಣಗುತ್ತಿರುತ್ತದೆ, ಇನ್ನೊಂದಕ್ಕೆ ಎಮ್ಮೆ ಕಟ್ಟಿರುತ್ತಾರೆ. ಆದರೂ ಒಂದೂ ಜೋತುಬಿದ್ದಿರುವುದಿಲ್ಲ. ಪಕ್ಕದ ಸೀಟಿನವರಿಗೆ "ಅದು ನಂದು" ಎಂದು ಹೇಳಿಬಿಡುವ ಚಪಲ ನನಗೆ. ಒಮ್ಮೆ ಒಬ್ಬರು, "ಯಾವುದು, ಎಮ್ಮೆನಾ?" ಎಂದು ಕೇಳಿದ್ದರು.

ಚಂದ್ರು ಚಿಕ್ಕವನಾಗಿದ್ದಾಗ ಮಾತ್ರ ಗೇಟು ನೋಡುತ್ತಿದ್ದ. ಶನಿವಾರ ಸ್ಕೂಲು ಬೇಗ ಬಿಡುತ್ತಿತ್ತು. ಅವ್ವ ಕಟ್ಟಿಕೊಟ್ಟ ಮುದ್ದೆ ತೆಗೆದುಕೊಂಡು ಅಂಗಡಿಗೆ ಬರುತ್ತಿದ್ದ. ನಾನು ಉಣ್ಣುವ ಹೊತ್ತಿಗೆ ಸೀಮೆಸುಣ್ಣದ ತುಂಡು ಹಿಡಿದು ಸಿಮೆಂಟ್ ನೆಲದ ಮೇಲೆ ಗೇಟು ಬರೆಯುತ್ತಿದ್ದ. ಒಂದು ದಿನ ಮೂರು ಕಬ್ಬಿನ ಜಲ್ಲೆ ನಿಂತಿರುವ ಹಾಗೆ ಬರೆದ, ಗರಿಗಳು ಎರಡೂ ಕಡೆ ಬಾಗಿದ್ದವು.

"ಅಣ್ಣ, ನಾನು ಮನೆ ಕಟ್ತೀನಲ್ಲ, ಅದ್ಕೆ ಇಂಥದ್ದೇ ಗೇಟು ಮಾಡ್ಕೊಡ್ಬೇಕು ನೀನು."

"ಮೂರ್ಯಾಕ್ಲಾ?"

"ಒಂದು ಅಪ್ಪ, ಒಂದು ನೀನು, ಒಂದು ನಾನು ಕಣಣ್ಣ."

"ಅವ್ವ ಎಲ್ಲೋದ್ಲು?"

ಅವನು ತಲೆ ಕೆರೆದುಕೊಂಡು, "ಅವ್ವ ಒಳ್ಗಡೆ ಮುದ್ದೆ ತಿರುವ್ತಾವ್ಳೆ" ಎಂದ. ಬಾಷಾ ಸಾಬರು ಬೆಸುಗೆಯ ಬೆಳಕಿಗೆ ಮುಖಕ್ಕೆ ಅಡ್ಡ ಹಿಡಿಯುವ ಕಪ್ಪು ಗಾಜಿನ ಹಲಗೆ ಕೆಳಗಿಟ್ಟು ನಕ್ಕಿದ್ದರು. ಆ ಚಿತ್ರವನ್ನು ಎರಡು ದಿನ ಗುಡಿಸಲು ಬಿಟ್ಟಿರಲಿಲ್ಲ.

ಅಪ್ಪ ಹೋದ, ಅವ್ವನೂ ಹೋದಳು. ಚಂದ್ರು ನಾಗಮಂಗಲದಲ್ಲಿ ಸೈಟು ತೆಗೆದುಕೊಂಡು ಪಾಯ ತೆಗೆಸಿದ. ಪೂಜೆಯ ದಿನ ಕಾಯಿ ಒಡೆದು ಕೈ ತೊಳೆಯುತ್ತಾ ನನಗೆ, "ಗೇಟಿನ ಜವಾಬ್ದಾರಿ ನಿಂದೇ ಬುಡಣ್ಣ" ಎಂದ. ಅಷ್ಟೇ ಅಂದದ್ದು. ಅಡುಗೆಯವರಿಗೆ ಉಪ್ಪು ಹಾಕಿ ಎಂದು ಹೇಳುವಂತೆ ಅಂದ. ನಾನು ಅದನ್ನು ಬಸ್ಸಿನಲ್ಲಿ ಕಿರಂಗೂರಿನವರೆಗೂ ಬಾಯಲ್ಲಿ ಚಪ್ಪರಿಸಿಕೊಂಡು ಬಂದೆ.

ಗೇಟಿನ ಕಂಬ ಎದ್ದಮೇಲೆ ಹೋಗಿ ಅಳತೆ ತಂದೆ. ದುಡ್ಡು ಕೊಡುವ ಗಿರಾಕಿಗಳ ಕೆಲಸ ಮುಗಿಸಿ, ಸಂಜೆ ಷಟರು ಎಳೆದಮೇಲೆ ಈ ಗೇಟಿಗೆ ಕೂರುತ್ತಿದ್ದೆ. ಜಲ್ಲೆಗೆ ಪೈಪು ತೆಗೆದುಕೊಂಡು ಗಿಣ್ಣುಗಿಣ್ಣಿಗೂ ಬೆಸುಗೆ ಕೂಡಿಸಿ ಅರದಲ್ಲಿ ಉಜ್ಜಿದೆ. ಕಬ್ಬಿನ ಗಿಣ್ಣು ಹೇಗಿರುತ್ತದೆಂದು ನೋಡಲು ನಿಜವಾದ ಕಬ್ಬು ತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಜಯಮ್ಮ ಅದನ್ನು ಮುರಿದು ತಿಂದುಬಿಟ್ಟಳು, ಇನ್ನೊಂದು ತಂದೆ. ಪಟ್ಟಿ ಕಾಯಿಸಿ ಗರಿ ಬಗ್ಗಿಸಿದೆ. ಮೇಲೆ ಕೆಂಪು ಪ್ರೈಮರು ಹೊಡೆದೆ. ಬಣ್ಣ ಅವನಿಗೆ ಯಾವುದು ಬೇಕೋ ಅದಾಗಲಿ ಎಂದು ಬಿಟ್ಟೆ. ಮೂವತ್ತೈದು ವರ್ಷದಲ್ಲಿ ನಾನು ಮಾಡಿದ ಕೆಲಸದಲ್ಲಿ ಅದಕ್ಕಿಂತ ಚೆನ್ನಾಗಿರುವುದು ಇಲ್ಲ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಟೆಂಪೋದವನಿಗೆ ನಾಳೆ ಬಾ ಎಂದು ಹೇಳಿ ಮನೆಗೆ ಬಂದು ಕೂತಿದ್ದೆ. ಚಂದ್ರು ಫೋನು ಮಾಡಿದ.

"ಅಣ್ಣ, ಗೇಟು ಮೈಸೂರಿಂದ ಬತ್ತಾ ಐತೆ ಕಣಣ್ಣ. ಸವಿತಾ ಕಡೆಯೋರು ಒಬ್ರು ಕೊಡುಸ್ತಾವ್ರೆ. ರಿಮೋಟಿಂದು. ನಿಂಗ್ಯಾಕೆ ಸುಮ್ನೆ ತೊಂದ್ರೆ ಅಂತ."

ಸವಿತಾ ಎಂದರೆ ಅವನ ಹೆಂಡತಿ. ನಾನು ಏನು ಹೇಳಬೇಕಿತ್ತು, ನೀವೇ ಹೇಳಿ. ಮಾಡಿಟ್ಟಿದ್ದೀನಿ ಕಣ್ಲಾ ಎಂದರೆ ಅವನು ಮುಲಾಜಿಗೆ ತೆಗೆದುಕೊಳ್ಳುತ್ತಿದ್ದ. ಮುಲಾಜಿಗೆ ತೂಗುಹಾಕಿದ ಗೇಟು ನನಗೆ ಬೇಡ. "ಒಳ್ಳೇದಾಯ್ತು ಬುಡು" ಎಂದೆ. ಜಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಯೋಳ್ಬಾರ್ದಾ ಬಾಯ್ಬುಟ್ಟು?"

"ಅವ್ನಿಗೇ ಗ್ಯಾಪ್ಕ ಬರ್ಬೇಕು ಕಣಮ್ಮಿ. ನೀನು ಮಾತು ಎತ್ತುದ್ರೆ ನೋಡು!"

ಗೃಹಪ್ರವೇಶ ಶ್ರಾವಣದಲ್ಲಿ. ನಮ್ಮ ಕಡೆ ಒಂದು ಪದ್ಧತಿ ಉಂಟು. ಪೂಜೆ ಮುಗಿದಮೇಲೆ ಮನೆ ಕಟ್ಟಿದವರನ್ನೆಲ್ಲ ಕರೆದು ನಿಲ್ಲಿಸಿ, ಪಂಚೆ ಹೊದಿಸಿ, ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡುತ್ತಾರೆ. ಮೊದಲು ಗಾರೆ ಮೇಸ್ತ್ರಿ, ಆಮೇಲೆ ಬಡಗಿ, ವೈರಿಂಗಿನವನು, ಬಣ್ಣದವನು, ಹೀಗೆ. ನಮ್ಮಂಥವರಿಗೆ ಕೂಲಿಗಿಂತ ಅದೇ ಹೆಚ್ಚು. ಇಂಥ ಪಂಚೆ ನನ್ನ ಟ್ರಂಕಿನಲ್ಲಿ ಒಂದರ ಮೇಲೊಂದು ಇವೆ, ಒಂದನ್ನೂ ಉಟ್ಟಿಲ್ಲ. ಅವತ್ತು ನನ್ನನ್ನು ಬೆಳಿಗ್ಗೆಯೇ ಕರೆದು, ಮನೆಗೆ ಹಿರಿಯ ಎಂದು ಕೂರಿಸಿ, ಶರ್ಟಿನ ಬಟ್ಟೆ ಕೊಟ್ಟು, ಗಂಡ ಹೆಂಡತಿ ಇಬ್ಬರೂ ಕಾಲಿಗೆ ಬಿದ್ದರು. ಅದರಲ್ಲಿ ಒಂದು ಕೂದಲೆಳೆಯಷ್ಟೂ ಕಮ್ಮಿ ಮಾಡಲಿಲ್ಲ. ಆಮೇಲೆ ಕೆಲಸದವರ ಸಾಲು ಶುರುವಾಯಿತು. ಮೇಸ್ತ್ರಿಯನ್ನು ಕರೆದರು, ಬಡಗಿಯನ್ನು ಕರೆದರು. "ಗೇಟಿನವ್ರು ಬಂದವ್ರಾ?" ಎಂದು ಚಂದ್ರು ಕೂಗಿದಾಗ ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಇಟ್ಟಿತು. ಜಯಮ್ಮ ಹಿಂದಿನಿಂದ ಶರ್ಟು ಹಿಡಿದು ಎಳೆದಳು. ಟೀಶರ್ಟು ಹಾಕಿದ್ದ ಹುಡುಗನೊಬ್ಬ ಊಟದ ಕಡೆಯಿಂದ ಕೈ ಒರೆಸಿಕೊಂಡು ಬಂದ. ಪಂಚೆ ಹೊದಿಸಿದರು. ಅವನಿಗೆ ಅದನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಪಾಯಸಕ್ಕೆ ಹೋದ.

ಹೊರಡುವಾಗ ಕೊಟ್ಟ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ ಇರಲಿಲ್ಲ. ನಾಗಮಂಗಲದಲ್ಲಿ! ಎಲ್ಲಿ ತಿರುಗಿದರೂ ತೆಂಗಿನ ಮರ ಇರುವ ಊರಿನಲ್ಲಿ ತಾಂಬೂಲಕ್ಕೆ ಕಾಯಿಲ್ಲ. ಬದಲಿಗೆ ಒಂದು ಚಿಕ್ಕ ಕಾಗದದ ಪ್ಯಾಕೆಟ್ಟು, ಮೇಲೆ ಬಣ್ಣದ ಹೂವಿನ ಚಿತ್ರ. "ಸ್ವೀಟ್ ಪೀ ಬೀಜ ಭಾವ, ಈಗೆಲ್ಲಾ ಇಂಗೇ ಕೊಡೋದು. ನಮ್ ನೆನಪಿಗೆ ಅಂತ ಬೆಳೆಸ್ಲಿ ಅಂತ" ಎಂದು ಸವಿತಾ ನಗುತ್ತಾ ವಿವರಿಸಿದಳು. ಒಳ್ಳೆಯ ಹೆಣ್ಣುಮಗಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಸುತ್ತ ನೋಡಿದೆ. ಅವರ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ್ದರು, ಒಂದು ಕಾಳು ಹಾಕಲೂ ಮಣ್ಣಿರಲಿಲ್ಲ. ಬೀಜವನ್ನು ನೆಂಟರ ಮನೆಗೆ ಸಾಗಿಸಿಬಿಟ್ಟಿದ್ದರು.

ಆ ಬೀಜ ಬೆಳೆಯಬೇಕೆಂದು ನನಗೆ ಯಾಕೆ ಹಟ ಬಂತು ಎಂದು ಸರಿಯಾಗಿ ಹೇಳಲಾರೆ. ಹೂವು ಬಂದರೆ ಚಂದ್ರು ನೋಡಲು ಬರುತ್ತಾನೆ, ಬಂದರೆ ಹಿತ್ತಲಿಗೆ ಬರಬೇಕು, ಹಿತ್ತಲಿಗೆ ಬಂದರೆ ಗೇಟು ಕಾಣುತ್ತದೆ. ಇಷ್ಟು ಲೆಕ್ಕ ಇದ್ದದ್ದು ನಿಜ. ಗೇಟನ್ನು ಅಷ್ಟರಲ್ಲಿ ಮನೆಗೆ ಸಾಗಿಸಿ ಹಿತ್ತಲಿನ ಗೋಡೆಗೆ ಒರಗಿಸಿದ್ದೆ. ಅಂಗಡಿಯಲ್ಲಿಟ್ಟರೆ ಬಂದವರೆಲ್ಲ ಬೆಲೆ ಕೇಳುತ್ತಿದ್ದರು.

ದಸರಾ ಕಳೆದು ಚಳಿ ಶುರುವಾದಾಗ ಗೇಟಿನ ಬುಡಕ್ಕೆ ಗೊಬ್ಬರ ಕೊಟ್ಟು ಅರ್ಧ ಪ್ಯಾಕೆಟ್ ಬೀಜ ಊರಿದೆ. ಒಂದೂ ಏಳಲಿಲ್ಲ. ಕೆದಕಿ ನೋಡಿದರೆ ಹಾಕಿದ ಹಾಗೆಯೇ ಹೊಳೆಯುತ್ತಾ ಕೂತಿದ್ದವು, ನೀರು ಒಳಗೆ ಹೋಗಿರಲಿಲ್ಲ. ನುಣ್ಣಗಿರುವ ಕಬ್ಬಿಣಕ್ಕೆ ಬಣ್ಣ ಹಿಡಿಯುವುದಿಲ್ಲ, ಉಜ್ಜಿಯೇ ಬಳಿಯಬೇಕು. ಉಳಿದ ಬೀಜಗಳನ್ನು ಕಬ್ಬಿಣ ಉಜ್ಜುವ ಎಮರಿ ಕಾಗದದ ಮೇಲೆ ಒಂದೊಂದಾಗಿ ಉಜ್ಜಿ ರಾತ್ರಿ ನೀರಿಗೆ ಹಾಕಿದೆ. ಬೆಳಿಗ್ಗೆ ಉಬ್ಬಿದ್ದವು. ಊರಿದ ವಾರಕ್ಕೆ ಮೊಳಕೆ ಬಂತು.

ಮುಂದಿನ ಪೆಟ್ಟು ಗೇಟಿನಿಂದಲೇ. ಆ ಬಳ್ಳಿ ದಾರದಷ್ಟು ತೆಳುವಾದ ಬೆರಳು ಚಾಚಿ ಹಿಡಿದುಕೊಂಡು ಏರುವಂಥದ್ದು. ನನ್ನ ಪೈಪು ಅದರ ಮುಷ್ಟಿಗೆ ಸಿಗಲೇ ಇಲ್ಲ. ಎರಡು ದಿನ ಪೈಪನ್ನು ತಡವಿ ತಡವಿ ನೋಡಿ, ಮೂರನೇ ದಿನ ಪಕ್ಕದಲ್ಲಿ ಎದ್ದಿದ್ದ ಗರಿಕೆ ಹುಲ್ಲನ್ನು ಹಿಡಿದು ನೆಲದಲ್ಲೇ ಮಲಗಿತು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಆನೆ ಕಟ್ಟಾಕೋ ಗೇಟು ಮಾಡುದ್ರೆ ಅದು ಎಂಗ್ರೀ ಇಡ್ಕೊಂಡಾತು? ಅವರೆ ಬಳ್ಳಿಗೆ ಕಡ್ಡಿ ಚುಚ್ಚಾಕಿಲ್ವಾ ನಾವು?"

ಗೋಣಿ ದಾರ ಬಿಚ್ಚಿ ತಂದು ಜಲ್ಲೆಯಿಂದ ಜಲ್ಲೆಗೆ, ಗರಿಯಿಂದ ಗರಿಗೆ ಅವಳೇ ಕಟ್ಟಿದಳು. ಬಳ್ಳಿಗೆ ಅದು ಒಪ್ಪಿಗೆಯಾಯಿತು. ಕುಡಿ ಚಿವುಟಿದ್ದೂ ಅವಳೇ. ಡಿಸೆಂಬರು ಮುಗಿಯುವುದರೊಳಗೆ ಗೇಟು ಹಸಿರಲ್ಲಿ ಮುಚ್ಚಿಹೋಯಿತು. ಸಂಕ್ರಾಂತಿ ಹೊತ್ತಿಗೆ ಹೂವು.

ಗೊಂಚಲು ಗೊಂಚಲಾಗಿ ಬಂತು ಹೂವು. ನಾನು ಚಂದ್ರುವಿಗೆ ಫೋನು ಮಾಡಿದೆ. "ಬತ್ತೀನಿ ಕಣಣ್ಣ, ಈ ಭಾನುವಾರ" ಎಂದ. ಆ ಭಾನುವಾರ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಅವನು ಬಂದು ನೋಡುವವರೆಗೆ ಒಂದು ಹೂವನ್ನೂ ಕೀಳಬಾರದೆಂದು ನಾನು ಕಾವಲು ಕೂತೆ. ಪಕ್ಕದ ಮನೆಯವರು ದೇವರಿಗೆಂದು ಕೇಳಿದರೂ ಕೊಡಲಿಲ್ಲ. ಈ ಹೂವಿನ ಸ್ವಭಾವ ಉಲ್ಟಾ. ಕಿತ್ತಷ್ಟೂ ಬಿಡುತ್ತದೆ. ಕೀಳದೆ ಬಿಟ್ಟರೆ, ಸರಿ ಹಾಗಾದರೆ ಎಂದು ಕಾಯಿ ಕಟ್ಟಿ ಹೂವನ್ನೇ ನಿಲ್ಲಿಸಿಬಿಡುತ್ತದೆ. ನನಗದು ಗೊತ್ತಿರಲಿಲ್ಲ. ಚಂದ್ರು ಕಾರಿನಲ್ಲಿ ಬಂದಿಳಿಯುವ ಹೊತ್ತಿಗೆ ಅರ್ಧ ಬಳ್ಳಿ ಕಾಯಿಯಾಗಿತ್ತು.

ಆದರೂ ಹಿತ್ತಲಿನ ಬಾಗಿಲು ದಾಟಿದ ಕೂಡಲೇ ಸವಿತಾ, "ಅಯ್ಯೋ, ಎಷ್ಟ್ ಚೆನ್ನಾಗೈತೆ ಭಾವ! ನಾವು ಕೊಟ್ಟಿದ್ದಾ ಇದು?" ಎಂದಳು. ಗಂಡನನ್ನು ಹೂವಿನ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ನನ್ನನ್ನೂ ನಿಲ್ಲಿಸಿದಳು. ಜಯಮ್ಮ ನನ್ನ ಮುಖ ನೋಡಿದಳು, ನಾನು ಬೇರೆ ಕಡೆ ನೋಡಿದೆ. ಆಗ ಅವಳು ಸುಮ್ಮನೆ ಹೋಗಿ ಹೂವು ಕೀಳಲು ಶುರು ಮಾಡಿದಳು. ಸವಿತಾಳಿಗೆ ಕೊಡಲು ಎನ್ನುವಂತೆ ಕೀಳುತ್ತಿದ್ದಳು, ಆದರೆ ಎಲ್ಲವನ್ನೂ ಒಂದೇ ಕಡೆ, ಗೇಟಿನ ನಟ್ಟನಡುವೆ. ಎಲೆಯನ್ನೂ ಸೇರಿಸಿ ಎಳೆದಳು. ಕೆಂಪು ಪ್ರೈಮರಿನ ಮೂರು ಜಲ್ಲೆ ಹೊರಗೆ ಬಂದವು.

ಚಂದ್ರು ಹತ್ತಿರ ಹೋದ. ಬಗ್ಗಿದ. ಗಿಣ್ಣಿನ ಮೇಲೆ ಬೆರಳಿಟ್ಟು ನಿಧಾನವಾಗಿ ಮೇಲಕ್ಕೆ ಎಳೆದ. ಒಂದು ಅಪ್ಪ, ಒಂದು ನೀನು, ಒಂದು ನಾನು. ಅವನು ಅಷ್ಟು ಹೇಳಿದ್ದರೆ, ಮೈಸೂರಿನ ಗೇಟನ್ನು ಅವನ ಕಂಬದಲ್ಲೇ ಇಟ್ಟುಕೊಳ್ಳಲಿ, ನನಗೆ ಇನ್ನೇನೂ ಬೇಡವಾಗಿತ್ತು.

"ಕಬ್ಬು ಸಖತ್ತಾಗೈತೆ ಕಣಣ್ಣ" ಎಂದ. "ಯಾರ್ದು ಇದು? ಯಾರಾದ್ರೂ ವಾಪಸ್ ತಂದಾಕುದ್ರಾ?"

"ಇಲ್ಲ. ಮಾಡ್ಸುದ್ರು, ತಗೊಂಡೋಗ್ನಿಲ್ಲ."

"ಅಂಥೋರ್ಗೆಲ್ಲ ಯಾಕ್ ಮಾಡ್ಕೊಡ್ತೀಯಣ್ಣ? ಮೊದ್ಲೇ ಅಡ್ವಾನ್ಸ್ ಇಸ್ಕೊಬೇಕು. ನೀನು ಬಲು ಮೆತ್ತಗೆ. ಎಲ್ರೂ ನಿಂಗೆ ಟೋಪಿ ಆಕ್ತಾರೆ."

ಜಯಮ್ಮನ ಕೈಯಲ್ಲಿ ಹೂವಿತ್ತು. ಅವಳು ಬಾಯಿ ತೆರೆದಳು. ಹೇಳಬೇಡ ಎಂದು ನಾನು ಕಣ್ಣು ಬಿಟ್ಟೆ. "ಕಾಫಿ ಆರೋಯ್ತದೆ, ಬನ್ನಿ" ಎಂದು ಅವಳು ಒಳಗೆ ಹೋದಳು.

ಕಾಫಿ ಕುಡಿಯುತ್ತಾ ಚಂದ್ರು ತನ್ನ ಗೇಟಿನ ವಿಷಯ ಹೇಳಿದ. ರಿಮೋಟು ಒತ್ತಿದರೆ ಸದ್ದಿಲ್ಲದೆ ಸರಿಯುತ್ತದಂತೆ. ನಾನು ಕೇಳಿಸಿಕೊಂಡೆ. ಅವನ ಮೇಲೆ ಕೂಗಾಡಬೇಕೆಂದು ಅನ್ನಿಸಲಿಲ್ಲ. ನೆಲದ ಮೇಲೆ ಬರೆದವನು ಮರೆತಿದ್ದಾನೆ. ಮರೆಯಲು ಅವನಿಗೆ ಎಷ್ಟೊಂದು ಬಂದುಹೋಗಿವೆ, ಪರೀಕ್ಷೆಗಳು, ಊರುಗಳು, ಪುಸ್ತಕಗಳು. ನನ್ನ ಹತ್ತಿರ ಆ ನೆಲ ಒಂದೇ ಇತ್ತು, ಅದನ್ನು ಗುಡಿಸದೆ ಇಟ್ಟುಕೊಂಡಿದ್ದೆ. ಹೋಗುವಾಗ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬೀಜ ಆದ್ರೆ ಮಡುಗಣ್ಣ, ಕಾಲೇಜ್ನೋರು ಕೇಳ್ತಾವ್ರೆ" ಎಂದ. ಕೊಡುತ್ತೇನೆ ಎಂದೆ. ಕೊಟ್ಟೂ ಕೊಟ್ಟೆ, ಒಂದು ಮುಷ್ಟಿ. ಎಮರಿ ಕಾಗದದಲ್ಲಿ ಉಜ್ಜಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಅಷ್ಟು ಕೆಟ್ಟತನ ನನ್ನಲ್ಲಿ ಉಳಿಯಲಿ.

ಮಾರ್ಚ್ ತಿಂಗಳ ಬಿಸಿಲಿಗೆ ಬಳ್ಳಿ ಒಣಗಿತು. ಮಧ್ಯಾಹ್ನ ಹಿತ್ತಲಿನಲ್ಲಿ ಕೂತರೆ ಕಾಯಿಗಳು ಚಟ್ ಎಂದು ತಿರುಚಿಕೊಂಡು ಸಿಡಿದು ಬೀಜ ಗೇಟಿಗೆ ಬಡಿಯುವುದು ಕೇಳುತ್ತಿತ್ತು. ಒಣಬಳ್ಳಿಯನ್ನು ಕಿತ್ತುಹಾಕಿ, ಪ್ರೈಮರು ಎದ್ದ ಕಡೆ ಉಜ್ಜಿ ಮತ್ತೆ ಬಳಿದೆ. ಹೋದ ವಾರ ಕೆ.ಆರ್. ಪೇಟೆಯ ಗಿರಾಕಿಯೊಬ್ಬರು ಮನೆಗೆ ಬಂದು ನೋಡಿ, ಇದೇ ಬೇಕು, ಎರಡೂ ಕಡೆ ಅರ್ಧರ್ಧ ಅಡಿ ಕೊಯ್ದರೆ ನಮ್ಮ ಕಂಬಕ್ಕೆ ಕೂರುತ್ತದೆ ಎಂದರು. ಕೊಯ್ಯುವುದಿಲ್ಲ ಎಂದೆ. ಬೇರೆಯದೇ ಮಾಡಿಕೊಡುತ್ತೇನೆ, ನವಿಲು ಬೇಕಾದರೂ ಹಾಕುತ್ತೇನೆ ಎಂದೆ. ಅವರು ನನ್ನ ತಲೆ ಕೆಟ್ಟಿದೆ ಎನ್ನುವಂತೆ ನೋಡಿ ಹೋದರು. ಜಯಮ್ಮ ಗೋಣಿ ದಾರವನ್ನು ಸುತ್ತಿ ಎತ್ತಿಟ್ಟಳು. ದಸರಾ ಮತ್ತೆ ಬರುತ್ತದಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಅಂಗಡಿ. ಎರಡು ವೆಲ್ಡಿಂಗ್ ಮಿಷನ್ನು, ಅದರಲ್ಲಿ ಒಂದು ಬಾಷಾ ಸಾಬರದು. ಟ್ರಂಕಿನ ತುಂಬ ಉಡದ ಪಂಚೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಅರ್ಧದಷ್ಟು ಬೀಜ. ಒಬ್ಬಳು ಹೆಂಡತಿ, ಒಬ್ಬ ತಮ್ಮ. ಮೂರು ಕಬ್ಬಿನ ಒಂದು ಗೇಟು.